ಬಾರ್‌ಬೆಲ್ ಹಿಡಿದ ಕೈಯೊಳಗೆ ಮನಸ್ಸನ್ನೂ ಇಟ್ಟವರು: ಕೋಲಾರದ ಹೆಸರು ಹೊತ್ತ ಕೆ.ವಿ. ಅಯ್ಯರ್

ಕೋಲಾರ: ಈಗ ತಾಲ್ಲೂಕು ಕೇಂದ್ರಗಳಲ್ಲೂ ಜಿಮ್‌ಗಳಿವೆ. ಬೆಳಿಗ್ಗೆ ಷಟರ್ ಎತ್ತುವ ಹೊತ್ತಿಗೇ ಹುಡುಗರು ಬಂದು ನಿಂತಿರುತ್ತಾರೆ. ಕೈಯಲ್ಲಿ ಡಂಬಲ್, ಕಿವಿಯಲ್ಲಿ ಹಾಡು, ಒಂದು ಸೆಟ್ ಮುಗಿದ ತಕ್ಷಣ ಮೊಬೈಲ್. ಧ್ಯಾನ ಅಂದ್ರೆ ಅದು ರಿಟೈರ್ ಆದವರ ಕೆಲಸ ಅನ್ನೋದು ಇವರ ಲೆಕ್ಕ. ಭಾರ ಎತ್ತೋದು ಅಂದ್ರೆ ಅದು ಪುಂಡರ ಕೆಲಸ ಅನ್ನೋದು ರಿಟೈರ್ ಆದವರ ಲೆಕ್ಕ.

ಈ ಎರಡು ಲೆಕ್ಕವೂ ತಪ್ಪು ಅಂತ ಸುಮಾರು ನೂರು ವರ್ಷದ ಹಿಂದೆಯೇ ಬದುಕಿ ತೋರಿಸಿದವರು ಪ್ರೊಫೆಸರ್ ಕೆ.ವಿ. ಅಯ್ಯರ್. ಹೆಸರಿನ ಮೊದಲಕ್ಷರ 'ಕೆ' ಅಂದ್ರೆ ಕೋಲಾರ. ಪೂರ್ತಿ ಹೆಸರು ಕೋಲಾರ ವೆಂಕಟೇಶ ಅಯ್ಯರ್. ಹುಟ್ಟಿದ್ದು 1897ರಲ್ಲಿ, ತೀರಿಕೊಂಡದ್ದು 1980ರಲ್ಲಿ. ಕನ್ನಡ ಓದುವವರಿಗೆ ಅವರು 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳ ಲೇಖಕರು. ಬೆಂಗಳೂರಿನ ಹಳೇ ಪೈಲ್ವಾನರಿಗೆ ಹರ್ಕ್ಯುಲಿಸ್ ಜಿಮ್ನಾಷಿಯಂನ ಮೇಷ್ಟ್ರು. ಇಬ್ಬರೂ ಒಬ್ಬರೇ ಅನ್ನೋದು ಎಷ್ಟೋ ಜನಕ್ಕೆ ಗೊತ್ತಿಲ್ಲ.

ಗರಡಿಯೂ ಉಂಟು, ಸರ್ಕಸ್ಸೂ ಉಂಟು

ಅಯ್ಯರ್ ಬೆಳೆದ ಕಾಲದಲ್ಲಿ ಹಳೇ ಮೈಸೂರು ಸೀಮೆಯ ಊರೂರಲ್ಲಿ ಗರಡಿಮನೆ ಇತ್ತು. ಕೆಂಪು ಮಣ್ಣು, ಗೋಡೆಯ ಮೇಲೆ ಆಂಜನೇಯನ ಪಟ, ಮೂಲೆಯಲ್ಲಿ ಗದೆ, ಎತ್ತೋಕೆ ಗುಂಡುಕಲ್ಲು. ಒಳಗೆ ಕಾಲಿಡುವ ಮುಂಚೆ ಮಣ್ಣಿಗೆ ನಮಸ್ಕಾರ ಮಾಡಿ ಹಣೆಗೆ ಒತ್ತಿಕೊಳ್ಳೋದು ಪದ್ಧತಿ. ಆಮೇಲೆ ದಂಡ, ಬಸ್ಕಿ, ಸಾಮು. ಮನಸ್ಸು ಬೇರೆ, ಮೈ ಬೇರೆ ಅನ್ನೋ ಮಾತೇ ಅಲ್ಲಿ ಇರಲಿಲ್ಲ.

ಅದೇ ಕಾಲಕ್ಕೆ ಬಲಪ್ರದರ್ಶನದ ಹೊಸ ಹುಚ್ಚೂ ಬಂತು. ಆಂಧ್ರದ ಕೋಡಿ ರಾಮಮೂರ್ತಿ ಎದೆಯ ಮೇಲೆ ಆನೆ ಹತ್ತಿಸಿಕೊಂಡು ದೇಶವೆಲ್ಲ ಹೆಸರಾಗಿದ್ದರು. ಯುರೋಪಿನ ಯುಜೀನ್ ಸ್ಯಾಂಡೋ 1905ರ ಹೊತ್ತಿಗೆ ಭಾರತ ಪ್ರವಾಸ ಮಾಡಿ ಹೋಗಿದ್ದ. ಅವನ ಫೋಟೋಗಳು, ಪುಸ್ತಕಗಳು ಇಲ್ಲಿನ ಹುಡುಗರ ಕೈಗೂ ಬಂದವು. ಬ್ರಿಟಿಷರ ಆಳ್ವಿಕೆಯ ದಿನಗಳು ಅವು. ಭಾರತೀಯರು ಮೈಯಲ್ಲಿ ದುರ್ಬಲರು ಅಂತ ಆಳುವವರು ಹೇಳಿಕೊಂಡು ತಿರುಗುತ್ತಿದ್ದರು. ಅದನ್ನು ಸುಳ್ಳು ಮಾಡಬೇಕು ಅನ್ನೋ ಹಟ ಆ ತಲೆಮಾರಿನ ಎಷ್ಟೋ ಯುವಕರಿಗಿತ್ತು. ಅಯ್ಯರ್ ಅಂಥವರಲ್ಲಿ ಒಬ್ಬರು.

ಸ್ಯಾಂಡೋ ಮಾರುತ್ತಿದ್ದ ಒಂದು ಡಂಬಲ್ ವಿಶೇಷವಾಗಿತ್ತು. ಅದು ಉದ್ದಕ್ಕೆ ಎರಡು ಹೋಳು, ನಡುವೆ ಸ್ಪ್ರಿಂಗ್. ವ್ಯಾಯಾಮ ಮುಗಿಯೋ ತನಕ ಎರಡೂ ಹೋಳನ್ನು ಒತ್ತಿ ಹಿಡಿದೇ ಇರಬೇಕು. ಮನಸ್ಸು ಅತ್ತಿತ್ತ ಹೋಯಿತೋ, ಮುಷ್ಟಿ ಸಡಿಲ, ಸ್ಪ್ರಿಂಗ್ ಬಿಚ್ಚಿಕೊಳ್ಳುತ್ತೆ. ಭಾರ ಜಾಸ್ತಿ ಇರಲಿಲ್ಲ. ಗಮನ ಜಾಸ್ತಿ ಬೇಕಿತ್ತು.

ಅಯ್ಯರ್ ಮೆಚ್ಚಿಕೊಂಡ ಇನ್ನೊಬ್ಬ ಮ್ಯಾಕ್ಸಿಕ್. ಚಿಕ್ಕಂದಿನಲ್ಲಿ ಕಾಯಿಲೆಯ ಹುಡುಗ, ದೊಡ್ಡವನಾದ ಮೇಲೂ ಕುಳ್ಳ. ಆದರೆ ತನ್ನ ತೂಕದ ಎರಡರಷ್ಟಕ್ಕೂ ಹೆಚ್ಚು ಭಾರವನ್ನು ತಲೆಯ ಮೇಲಕ್ಕೆ ಎತ್ತುತ್ತಿದ್ದ. ಅವನ ಪದ್ಧತಿಗೆ ಸ್ನಾಯು ನಿಯಂತ್ರಣ ಅಂತ ಹೆಸರು. ಒಂದು ಸ್ನಾಯುವನ್ನು ಮಾತ್ರ ಬಿಗಿ ಮಾಡಬೇಕು, ಪಕ್ಕದ್ದು ಸಡಿಲವಾಗಿಯೇ ಇರಬೇಕು. ಕೇಳೋಕೆ ಸುಲಭ. ಕನ್ನಡಿ ಮುಂದೆ ನಿಂತು ಎಡ ಎದೆಯನ್ನು ಮಾತ್ರ ಕುಣಿಸೋಕೆ ಹೋದರೆ ಭುಜ, ಕತ್ತು, ಹಲ್ಲು ಎಲ್ಲ ಬಿಗಿಯಾಗುತ್ತೆ. ಮನಸ್ಸು ಬೇರೆ ಎಲ್ಲಾ ಬಿಟ್ಟು ಆ ಒಂದೇ ಜಾಗಕ್ಕೆ ಹೋಗಿ ಕೂತರೆ ಮಾತ್ರ ಸಾಧ್ಯ.

ನೌಲಿಯೂ ಬಾರ್‌ಬೆಲ್ಲೂ ಒಂದೇ ಸೂರಿನಡಿ

ಇಲ್ಲೇ ಅಯ್ಯರ್ ಬೇರೆಯವರಿಗಿಂತ ಮುಂದೆ ಹೋದದ್ದು. ಮ್ಯಾಕ್ಸಿಕ್ ಹೊಟ್ಟೆಯ ಸ್ನಾಯುವನ್ನು ನಡುವೆ ಕಂಬದ ಥರ ಎಬ್ಬಿಸಿ ತೋರಿಸುತ್ತಿದ್ದ. ನಮ್ಮ ಹಠಯೋಗದಲ್ಲಿ ಅಂಥದ್ದೇ ಒಂದು ಕ್ರಿಯೆ ಮೊದಲಿನಿಂದಲೂ ಇದೆ, ಅದಕ್ಕೆ ನೌಲಿ ಅಂತ ಹೆಸರು. ವಿದೇಶಿ ಜಟ್ಟಿ ರಂಗದ ಮೇಲೆ ಮಾಡುವುದನ್ನೂ ಯೋಗಿ ಮಠದಲ್ಲಿ ಮಾಡುವುದನ್ನೂ ಅಯ್ಯರ್ ಒಟ್ಟಿಗೆ ಇಟ್ಟು ನೋಡಿದರು. ಬಾರ್‌ಬೆಲ್, ಸ್ನಾಯು ನಿಯಂತ್ರಣ, ಆಸನ, ಸೂರ್ಯನಮಸ್ಕಾರ, ಈ ನಾಲ್ಕನ್ನೂ ಸೇರಿಸಿ ತಮ್ಮದೇ ಪದ್ಧತಿ ಮಾಡಿಕೊಂಡರು.

1920ರ ದಶಕದಲ್ಲಿ ಬೆಂಗಳೂರಿನಲ್ಲಿ ಅವರ ಹರ್ಕ್ಯುಲಿಸ್ ಜಿಮ್ನಾಷಿಯಂ ನಡೆಯುತ್ತಿತ್ತು. ಜೊತೆಗಾರರಾಗಿ ಸಿಕ್ಕವರು ಯೋಗದಲ್ಲಿ ನುರಿತ ಎಸ್. ಸುಂದರಂ. ಇಬ್ಬರೂ ಸೇರಿ ಊರೂರಲ್ಲಿ ಉಪನ್ಯಾಸ, ಪ್ರಾತ್ಯಕ್ಷಿಕೆ ಕೊಟ್ಟರು. ಒಬ್ಬರು ಆಸನ ತೋರಿಸಿದರೆ ಇನ್ನೊಬ್ಬರು ಸ್ನಾಯು ತೋರಿಸುತ್ತಿದ್ದರು. ಯೋಗ ಅಂದ್ರೆ ಬೂದಿ ಬಳಿದುಕೊಂಡ ಬೈರಾಗಿಗಳ ಕಸುಬು ಅಂತ ಓದಿದವರು ಮೂಗು ಮುರಿಯುತ್ತಿದ್ದ ಕಾಲ ಅದು. ಅಂಥ ಕಾಲದಲ್ಲಿ ಯೋಗ ಮತ್ತು ಭಾರ ಎತ್ತೋದು ಎರಡನ್ನೂ ಒಂದೇ ವೇದಿಕೆಗೆ ತಂದದ್ದು ಸಣ್ಣ ಧೈರ್ಯ ಅಲ್ಲ.

1930ರಲ್ಲಿ 'ಮಸಲ್ ಕಲ್ಟ್', 1936ರಲ್ಲಿ 'ಪರ್ಫೆಕ್ಟ್ ಫಿಸಿಕ್', 1937ರಲ್ಲಿ 'ಸೂರ್ಯ ನಮಸ್ಕಾರ್', ಹೀಗೆ ಅಯ್ಯರ್ ಅವರ ಇಂಗ್ಲಿಷ್ ಪುಸ್ತಕಗಳು ಬಂದವು. ವಿದೇಶದ ದೇಹದಾರ್ಢ್ಯ ಪತ್ರಿಕೆಗಳಲ್ಲಿ ಅವರ ಫೋಟೋಗಳು ಅಚ್ಚಾದವು. ತಮ್ಮ ಮೈಕಟ್ಟಿನ ಬಗ್ಗೆ ಅವರಿಗೆ ಸಂಕೋಚ ಇರಲಿಲ್ಲ. ದೇವತೆಗಳೂ ಆಸೆಪಡುವಂಥ ಮೈ ತಮ್ಮದು ಅಂತ ಬರೆದುಕೊಂಡ ಮನುಷ್ಯ ಅವರು. ಬಿಗುಮಾನ ಅನ್ನಿ, ಆತ್ಮವಿಶ್ವಾಸ ಅನ್ನಿ, ಅದು ಅವರ ಸ್ವಭಾವ.

ಟಪಾಲಿನಲ್ಲಿ ತರಬೇತಿ

ಅಯ್ಯರ್ ಅಂಚೆ ಮೂಲಕವೂ ವ್ಯಾಯಾಮ ಕಲಿಸುತ್ತಿದ್ದರು. ದೂರದ ಊರಿನ ಹುಡುಗನಿಗೆ ಪಾಠ ಟಪಾಲಿನಲ್ಲಿ ಬರುತ್ತಿತ್ತು.

ಇದನ್ನು ಸ್ವಲ್ಪ ಯೋಚನೆ ಮಾಡಬೇಕು. ಆ ಹುಡುಗನ ಪಕ್ಕದಲ್ಲಿ ಮೇಷ್ಟ್ರು ಇಲ್ಲ. ಬೆನ್ನು ಬಾಗಿದೆ ಅಂತ ಗದರೋರು ಇಲ್ಲ. ಒಂದು ಕೋಣೆ, ಸಿಕ್ಕರೆ ಒಂದು ಕನ್ನಡಿ, ಕೈಯಲ್ಲಿ ಪಾಠದ ಹಾಳೆ. ಉಸಿರು ಯಾವಾಗ ಎಳೆದೆ, ಯಾವಾಗ ಬಿಟ್ಟೆ, ಭಾರ ಭುಜದ ಮೇಲೆ ಬಿತ್ತಾ ಸೊಂಟದ ಮೇಲೆ ಬಿತ್ತಾ, ಎಲ್ಲವನ್ನೂ ಅವನೇ ಗಮನಿಸಬೇಕು. ಗಮನ ಇಲ್ಲದಿದ್ದರೆ ಆ ಪಾಠ ಬರೀ ಕಾಗದ.

ಪತಂಜಲಿಯ ಯೋಗಸೂತ್ರದಲ್ಲಿ ಧ್ಯಾನಕ್ಕೆ ಮುಂಚಿನ ಮೆಟ್ಟಿಲಿಗೆ ಧಾರಣ ಅಂತ ಹೆಸರು. ಮನಸ್ಸನ್ನು ಒಂದು ಜಾಗದಲ್ಲಿ ಕಟ್ಟಿ ನಿಲ್ಲಿಸೋದು ಅಂತ ಅದರ ಅರ್ಥ. ಅದು ನಿರಂತರವಾಗಿ ಹರಿಯೋಕೆ ಶುರುವಾದರೆ ಧ್ಯಾನ. ಆ ಜಾಗ ದೀಪವೇ ಆಗಬೇಕು, ವಿಗ್ರಹವೇ ಆಗಬೇಕು ಅಂತೇನಿಲ್ಲ. ಹತ್ತು ಸಲ ಬಾರ್‌ಬೆಲ್ ಎತ್ತುವಾಗ ಹತ್ತೂ ಸಲ ಮನಸ್ಸು ಅದೇ ಸ್ನಾಯುವಿನಲ್ಲಿ, ಅದೇ ಉಸಿರಿನಲ್ಲಿ ನಿಂತರೆ ಅದೂ ಧಾರಣದ ಅಭ್ಯಾಸವೇ. ಸೂರ್ಯನಮಸ್ಕಾರದಲ್ಲಿ ಇದು ಇನ್ನೂ ಸುಲಭವಾಗಿ ಕಾಣುತ್ತೆ. ಬಾಗುವಾಗ ಉಸಿರು ಹೊರಗೆ, ಏಳುವಾಗ ಒಳಗೆ. ಲೆಕ್ಕ ತಪ್ಪಿತು ಅಂದ್ರೆ ಮನಸ್ಸು ಎಲ್ಲೋ ಹೋಗಿತ್ತು ಅಂತಲೇ ಅರ್ಥ.

ಟೊಮೆಟೊ ಮಂಡಿಯಲ್ಲಿ ಬಾಕ್ಸ್ ಎತ್ತುವ ಹಮಾಲಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಮಾತಾಡ್ತಾ ಪಕ್ಕಕ್ಕೆ ತಿರುಗಿ ಎತ್ತಿದ ದಿನವೇ ಸೊಂಟ ಹಿಡಿಯೋದು ಅಂತ ಅವನಿಗೆ ಗೊತ್ತು.

ಅರಮನೆಯವರೆಗೆ

ಅಯ್ಯರ್ ಅವರ ಹೆಸರು ಮೈಸೂರು ಅರಮನೆಗೂ ಮುಟ್ಟಿತು. ನಾಲ್ವಡಿ ಕೃಷ್ಣರಾಜ ಒಡೆಯರ್ ಅಸ್ವಸ್ಥರಾಗಿದ್ದಾಗ ಅಯ್ಯರ್ ಉಪಚಾರ ಮಾಡಿದರು. ಗುಣ ಕಂಡ ಅರಸರು ವ್ಯಾಯಾಮಶಾಲೆಗೆ ಸ್ವಂತ ಕಟ್ಟಡ ಆಗಲು ನೆರವು ಕೊಟ್ಟರು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಎದ್ದ ಆ ವ್ಯಾಯಾಮಶಾಲೆ ಮುಂದೆ ಅಯ್ಯರ್ ಅವರ ಗುರುತೇ ಆಯಿತು.

ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ 1930ರ ದಶಕದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಯೋಗಶಾಲೆ ನಡೆಸುತ್ತಿದ್ದರು. ಇವತ್ತು ಪ್ರಪಂಚದಲ್ಲೆಲ್ಲ ಹರಡಿರುವ ಯೋಗದ ಎಷ್ಟೋ ಕವಲುಗಳು ಹುಟ್ಟಿದ್ದು ಅಲ್ಲಿಂದ. ಅದೇ ಅರಮನೆಯ ಆವರಣದಲ್ಲಿ ಅಯ್ಯರ್ ಶಿಷ್ಯ ಅನಂತರಾವ್ ತಮ್ಮ ಗುರುವಿನ ಪದ್ಧತಿಯ ವ್ಯಾಯಾಮ ಕಲಿಸುತ್ತಿದ್ದರು. ಒಂದು ಕಡೆ ಆಸನ, ಕೂಗಳತೆಯ ದೂರದಲ್ಲಿ ಬಾರ್‌ಬೆಲ್. ಇವು ಎರಡು ಬೇರೆ ಲೋಕ ಅಂತ ಆಗ ಯಾರಿಗೂ ಅನ್ನಿಸಿರಲಿಲ್ಲ.

ಕಬ್ಬಿಣದ ಗುಂಡುಗಳ ನಡುವೆ ಕೈಲಾಸಂ

ಅಯ್ಯರ್ ವ್ಯಾಯಾಮಶಾಲೆಗೆ ಬರುತ್ತಿದ್ದವರೆಲ್ಲ ಪೈಲ್ವಾನರಲ್ಲ. ನಾಟಕಕಾರ ಟಿ.ಪಿ. ಕೈಲಾಸಂ ಅಲ್ಲಿನ ಖಾಯಂ ಅತಿಥಿ. ಲಂಡನ್ನಿನಲ್ಲಿ ಭೂಗರ್ಭಶಾಸ್ತ್ರ ಓದಿ ಬಂದು, ಸರ್ಕಾರಿ ನೌಕರಿ ಬಿಟ್ಟು, ಕನ್ನಡ ರಂಗಭೂಮಿಗೆ ಮನೆಮಾತಿನ ನಾಟಕ ಕೊಟ್ಟವರು. ಯೌವನದಲ್ಲಿ ಅವರೂ ಫುಟ್‌ಬಾಲ್ ಆಡಿದ ಗಟ್ಟಿ ಆಳು. ಆಮೇಲೆ ಮೈಯನ್ನು ಕೈಬಿಟ್ಟರು. ಸಿಗರೇಟು ಬಿಡಲಿಲ್ಲ, ಮನೆ ಅಂತ ನೆಚ್ಚಿಕೊಳ್ಳಲಿಲ್ಲ. ನಾಟಕಗಳನ್ನು ಕೂತು ಬರೆಯುವುದಕ್ಕಿಂತ ಗೆಳೆಯರಿಗೆ ಹೇಳಿ ಬರೆಸಿದ್ದೇ ಹೆಚ್ಚು.

ಇಬ್ಬರ ಗೆಳೆತನ ಗಾಢವಾಗಿತ್ತು. ಒಬ್ಬರದು ಎಣ್ಣೆ ಹಚ್ಚಿ ಮಿಂಚುವ ಮೈ, ಇನ್ನೊಬ್ಬರದು ಬೆಂಕಿಯಂಥ ಬುದ್ಧಿ. ಊರಿನ ಹುಡುಗರಿಗೆಲ್ಲ ಮೈ ಕಟ್ಟಿಕೊಟ್ಟ ಮೇಷ್ಟ್ರಿಗೆ ಈ ಒಬ್ಬ ಗೆಳೆಯನ ಮೈ ಉಳಿಸಿಕೊಳ್ಳೋಕೆ ಆಗಲಿಲ್ಲ. 1946ರಲ್ಲಿ ಕೈಲಾಸಂ ತೀರಿಕೊಂಡರು. ಅಯ್ಯರ್ ಗೆಳೆಯನ ನೆನಪಿಗೆ ಒಂದು ಪುಸ್ತಕವನ್ನೇ ಬರೆದರು. ಬಾರ್‌ಬೆಲ್ ಬಗ್ಗೆ ಇಂಗ್ಲಿಷಿನಲ್ಲಿ ಬರೆದ ಮನುಷ್ಯ ಗೆಳೆಯನ ಬಗ್ಗೆ ಕನ್ನಡದಲ್ಲಿ ಬರೆದರು.

ಕನ್ನಡಿಯಿಂದ ಕಾಗದಕ್ಕೆ

ಆಮೇಲಿನ ವರ್ಷಗಳಲ್ಲಿ ಓದುಗರಿಗೆ ಕಂಡದ್ದು ಕಾದಂಬರಿಕಾರ ಅಯ್ಯರ್. ಹೊಯ್ಸಳ ರಾಣಿಯ ಕಥೆ 'ಶಾಂತಲಾ'. ಇಟಲಿಯ ಕಲಾವಿದನ ಕಥೆ 'ರೂಪದರ್ಶಿ'. ರವಿ ಕಲಾವಿದರು ಅನ್ನೋ ಹವ್ಯಾಸಿ ನಾಟಕ ತಂಡದ ಬೆನ್ನಿಗೂ ಅವರು ನಿಂತರು. ಜಟ್ಟಿ ಕಾದಂಬರಿ ಬರೆದ ಅಂತ ಆಗ ಆಶ್ಚರ್ಯಪಟ್ಟವರು ಇರಬಹುದು. ಆದರೆ ಒಂದು ಸ್ನಾಯುವಿನ ಮೇಲೆ ಮನಸ್ಸು ನಿಲ್ಲಿಸಲು ವರ್ಷಗಟ್ಟಲೆ ಕಲಿತವರಿಗೆ ನೂರಾರು ಪುಟದ ಕಾದಂಬರಿಯ ಮುಂದೆ ದಿನಾ ಕೂರೋದು ಹೊಸ ಶಿಸ್ತೇನಲ್ಲ. ಕೂತ ಜಾಗ ಬದಲಾಯಿತು, ಅಭ್ಯಾಸ ಅದೇ.

'ರೂಪದರ್ಶಿ'ಯ ಕಥೆ ಗೊತ್ತಿರುವವರಿಗೆ ಅಯ್ಯರ್ ಅರ್ಥವಾಗುತ್ತಾರೆ. ಬಾಲ ಏಸುವಿನ ಚಿತ್ರಕ್ಕೆ ಒಂದು ಮುಗ್ಧ ಮುಖ ಬೇಕು ಅಂತ ಕಲಾವಿದ ಹುಡುಕುತ್ತಾನೆ, ಒಂದು ಮಗು ಸಿಗುತ್ತೆ. ಎಷ್ಟೋ ವರ್ಷದ ಮೇಲೆ ದ್ರೋಹಿ ಜುದಾಸನ ಚಿತ್ರಕ್ಕೆ ಒಂದು ಕ್ರೂರ ಮುಖ ಬೇಕಾಗುತ್ತೆ. ಹುಡುಕಿ ಹುಡುಕಿ ಸಿಕ್ಕಿದವನು ಅದೇ ಮಗು, ಬೆಳೆದು ಕೆಟ್ಟವನು.

ಜೀವನವಿಡೀ ಕನ್ನಡಿ ಮುಂದೆ ನಿಂತು ಮೈ ತಿದ್ದಿದವರಿಗೆ ಈ ಕಥೆ ಯಾಕೆ ಹಿಡಿಸಿತು ಅಂತ ಬಿಡಿಸಿ ಹೇಳಬೇಕಿಲ್ಲ. ಮನುಷ್ಯ ಒಳಗೆ ಹೇಗೆ ಬದುಕುತ್ತಾನೋ ಹೊರಗಿನ ರೂಪ ಹಾಗೇ ಆಗುತ್ತೆ. ಒಳಗನ್ನು ಬಿಟ್ಟು ಹೊರಗನ್ನು ಮಾತ್ರ ಕಟ್ಟೋಕೆ ಆಗಲ್ಲ. ಹೊರಗನ್ನು ಹಾಳುಬಿಟ್ಟರೆ ಒಳಗಿನ ಬೆಂಕಿಯೂ ಬೇಗ ಆರುತ್ತೆ. ಇದನ್ನು ಅಯ್ಯರ್ ಪುಸ್ತಕದಲ್ಲಿ ಓದಿ ತಿಳಿಯಬೇಕಾಗಿರಲಿಲ್ಲ, ಕಣ್ಣೆದುರೇ ಕಂಡಿದ್ದರು.

ಇವತ್ತು ಅಂಗಡಿ ತೆರೆಯೋ ಮುಂಚೆ ಅರ್ಧ ಗಂಟೆ ಬಿಡುವು ಸಿಗುವವರಿಗೆ ಅಯ್ಯರ್ ಬದುಕಿನಿಂದ ತೆಗೆದುಕೊಳ್ಳಲು ದೊಡ್ಡ ಖರ್ಚೇನಿಲ್ಲ. ಮೊಬೈಲನ್ನು ಗಲ್ಲಾಪೆಟ್ಟಿಗೆಯಲ್ಲೇ ಬಿಡಬೇಕು. ತಡೆಯುವಷ್ಟೇ ಭಾರ ಹಿಡಿದು, ನಿಧಾನಕ್ಕೆ ಎತ್ತಿ, ನಿಧಾನಕ್ಕೆ ಇಳಿಸಬೇಕು. ಹತ್ತನೇ ಸಲ ಇಳಿಸಿದ ಮೇಲೆ ತನ್ನನ್ನೇ ಒಂದು ಮಾತು ಕೇಳಿಕೊಳ್ಳಬೇಕು: ಮನಸ್ಸು ಕೈಯಲ್ಲಿ ಇದ್ದದ್ದು ಎಷ್ಟು ಸಲ? ಮೊದಲ ದಿನ ಎರಡೋ ಮೂರೋ ಅಂತ ಉತ್ತರ ಬಂದರೆ ಬೇಜಾರು ಬೇಡ. ಅಲ್ಲಿಂದ ಹತ್ತಕ್ಕೆ ತರೋದೇ ಅಭ್ಯಾಸ.