ಐನ್‌ಸ್ಟೀನ್ ಕಾಣದ ಅಲೆಗಳು

ಮಕ್ಕಳೇ, ಕೆರೆಗೆ ಕಲ್ಲೆಸೆದಾಗ ಏಳುವ ಅಲೆಗಳನ್ನು ನೀವು ನೋಡಿದ್ದೀರಿ. ಭಾರವಾದ ನಕ್ಷತ್ರಗಳು ಒಂದನ್ನೊಂದು ಸುತ್ತಿದರೆ ಬಾಹ್ಯಾಕಾಶವೇ ಹೀಗೆ ಅಲುಗಬೇಕೆಂದು 1916ರಲ್ಲಿ ಲೆಕ್ಕ ಹಾಕಿದವರು ಆಲ್ಬರ್ಟ್ ಐನ್‌ಸ್ಟೀನ್. ಇವೇ ಗುರುತ್ವ ಅಲೆಗಳು.

1879ರಲ್ಲಿ ಜರ್ಮನಿಯಲ್ಲಿ ಜನಿಸಿದ ಅವರು 1933ರಲ್ಲಿ ಅಮೆರಿಕ ಸೇರಿದರು. 1936ರಲ್ಲಿ, ಈ ಅಲೆಗಳೇ ಇಲ್ಲವೆಂದು ಲೇಖನ ಬರೆದುಬಿಟ್ಟರು! ಪರಿಶೀಲಿಸಿದ ತಜ್ಞರೊಬ್ಬರು ತಪ್ಪು ತೋರಿಸಿದರು. ಮೊದಲು ಸಿಟ್ಟಾದ ಐನ್‌ಸ್ಟೀನ್ ಕೊನೆಗೆ ಲೇಖನ ತಿದ್ದಿದರು. 1955ರಲ್ಲಿ ನಿಧನರಾದರು. ಅಲೆಯೊಂದು ನೇರವಾಗಿ ಸಿಕ್ಕಿದ್ದು 2015ರಲ್ಲಿ.

ಬಹಳ ಉದ್ದದ ಅಲೆಗಳನ್ನು ಹಿಡಿಯಲು ಪಲ್ಸಾರ್‌ಗಳು ಬೇಕು. ಗಿರ್ರನೆ ತಿರುಗುವ ಈ ನಕ್ಷತ್ರಗಳ ರೇಡಿಯೋ ಮಿಡಿತ ಗಡಿಯಾರದಷ್ಟು ಕರಾರುವಾಕ್ಕು. ಅಲೆ ಹಾದರೆ ಮಿಡಿತ ತುಸು ಹಿಂದೆಮುಂದಾಗುತ್ತದೆ. 2023ರಲ್ಲಿ ಪುಣೆ ಬಳಿಯ ದೂರದರ್ಶಕವೂ ಸೇರಿ ಹಲವು ದೇಶಗಳ ದೂರದರ್ಶಕಗಳಿಗೆ ಇದರ ಸುಳಿವು ಸಿಕ್ಕಿತು. ಆ ಅಲೆಗಳು ದೈತ್ಯ ಕಪ್ಪುಕುಳಿಗಳವೋ, ವಿಶ್ವದ ಶೈಶವದವೋ? ಹುಡುಕಾಟ ನಡೆದಿದೆ.