ಕಲಾಗುರು ನಂದಲಾಲ ಬೋಸರು

ಚಿತ್ರಕಲೆಯನ್ನು ಕಲಿಸುವುದೆಂದರೇನು ಎಂಬ ಪ್ರಶ್ನೆಯನ್ನು ನಮ್ಮ ಜನರು ಗಂಭೀರವಾಗಿ ಕೇಳಿಕೊಳ್ಳುವುದು ಅಪೂರ್ವ. ಮಕ್ಕಳ ಶಾಲೆಗಳಲ್ಲಿ ಉಳಿದೆಲ್ಲ ಪಾಠಗಳಿಗೂ ಸ್ಥಳ ಕೊಟ್ಟು, ಮಿಕ್ಕ ವೇಳೆಯಿದ್ದರೆ ಚಿತ್ರಕ್ಕೆ ಕೊಡುವುದು ವಾಡಿಕೆಯಾಗಿದೆ. ಇತ್ತ ದೊಡ್ಡ ಪಟ್ಟಣಗಳಲ್ಲಿ ಗಣಕಯಂತ್ರದ ಮೇಲೆ ಚಿತ್ರ ಬರೆಯುವುದನ್ನೂ ವಿನ್ಯಾಸವನ್ನೂ ಛಾಯಾಗ್ರಹಣವನ್ನೂ ಕಲಿಸುವ ಸಂಸ್ಥೆಗಳು ಹಲವು ಎದ್ದಿವೆ. ತರುಣರು ಉತ್ಸಾಹದಿಂದ ಸೇರುತ್ತಿದ್ದಾರೆ. ತಂದೆತಾಯಿಗಳು ಕಷ್ಟಪಟ್ಟು ಹಣ ತೆರುತ್ತಿದ್ದಾರೆ. ಉಪಕರಣಗಳಿಗೆ ಕೊರತೆಯಿಲ್ಲ. ಆದರೆ ಉಪಕರಣ ಹಿಡಿಯುವ ಕೈಗಿಂತ ಮೊದಲು ನೋಡುವ ಕಣ್ಣು ಸಿದ್ಧವಾಗಬೇಕೆಂಬ ಮಾತನ್ನು ಜೀವಮಾನವೆಲ್ಲ ಆಚರಿಸಿ ತೋರಿಸಿದ ಒಬ್ಬ ಮಹನೀಯರ ಚರಿತ್ರೆಯನ್ನು ಈ ಕಾಲದಲ್ಲಿ ವಾಚಕರ ಮುಂದಿಡುವುದು ಉಚಿತವೆಂದು ನಾವು ಭಾವಿಸುತ್ತೇವೆ. ಅವರೇ ಶಾಂತಿನಿಕೇತನದ ಕಲಾಭವನವನ್ನು ಬೆಳೆಸಿದ ನಂದಲಾಲ ಬೋಸರು.

ನಂದಲಾಲರು 1882ನೆಯ ಇಸವಿ ಡಿಸೆಂಬರ್ 3ರಂದು ಬಿಹಾರ ಪ್ರಾಂತದ ಮುಂಗೇರ ಜಿಲ್ಲೆಯ ಖರಗಪುರದಲ್ಲಿ ಜನಿಸಿದರು. ತಂದೆ ಪೂರ್ಣಚಂದ್ರ ಬೋಸರು ದರ್ಭಂಗಾ ಸಂಸ್ಥಾನದ ಸೇವೆಯಲ್ಲಿದ್ದರು. ತಾಯಿ ಕ್ಷೇತ್ರಮಣಿದೇವಿಯವರು ಮಕ್ಕಳಿಗಾಗಿ ಗೊಂಬೆಗಳನ್ನು ಮಾಡುವುದರಲ್ಲಿ ಕುಶಲೆಯಾಗಿದ್ದರು. ಆದರೆ ಮಗನು ಎಂಟು ವರ್ಷದವನಿರುವಾಗಲೇ ತೀರಿಕೊಂಡರು. ಬಾಲಕನಿಗೆ ಊರಿನ ಕುಂಬಾರರೂ ಮೂರ್ತಿ ಮಾಡುವವರೂ ಮೊದಲ ಗುರುಗಳಾದರು. ಅವರು ಜೇಡಿಮಣ್ಣನ್ನು ಹದಮಾಡುವುದನ್ನೂ ದೇವರ ಮುಖಕ್ಕೆ ಬಣ್ಣ ಹಚ್ಚುವುದನ್ನೂ ಅವನು ನೋಡುತ್ತ ನಿಲ್ಲುತ್ತಿದ್ದನು. ಬರಬರುತ್ತ ಪೂಜೆಯ ಮಂಟಪಗಳನ್ನು ಅಲಂಕರಿಸುವುದರಲ್ಲಿ ತಾನೂ ಕೈಹಾಕಿದನು.

ಮುಂದೆ ವಿದ್ಯಾಭ್ಯಾಸಕ್ಕಾಗಿ ಕಲ್ಕತ್ತೆಗೆ ಬಂದ ನಂದಲಾಲರಿಗೆ ಕಾಲೇಜಿನ ಓದು ಹಿಡಿಸಲಿಲ್ಲ. ಪರೀಕ್ಷೆಯಲ್ಲಿ ತೇರ್ಗಡೆಯಾಗದೆ ಒಂದು ಕಾಲೇಜಿನಿಂದ ಮತ್ತೊಂದಕ್ಕೆ ಹೋದರು. 1903ರಲ್ಲಿ ಸುಧೀರಾದೇವಿಯವರೊಡನೆ ವಿವಾಹವೂ ಆಯಿತು. 1905ರಲ್ಲಿ ಪ್ರೆಸಿಡೆನ್ಸಿ ಕಾಲೇಜಿನ ವಾಣಿಜ್ಯ ತರಗತಿಗೆ ಸೇರಿದರು; ಅಲ್ಲಿಯೂ ಅದೇ ಕಥೆ. ಗುಮಾಸ್ತೆಯ ಕೆಲಸಕ್ಕೆ ಸಹ ಪರೀಕ್ಷೆಯ ಮುದ್ರೆ ಬೇಕಾಗಿದ್ದ ಆ ದಿನಗಳಲ್ಲಿ, ಗೃಹಸ್ಥನಾದ ತರುಣನೊಬ್ಬನು ಚಿತ್ರ ಬರೆದು ಬಾಳುವೆನೆಂದರೆ ಬಂಧುವರ್ಗಕ್ಕೆ ದಿಗಿಲಾಗದೆ ಹೋದೀತೆ? ನಂದಲಾಲರು ಕೊನೆಗೆ ಹೇಗೋ ಅವರನ್ನು ಒಪ್ಪಿಸಿ ಸರಕಾರದ ಕಲಾಶಾಲೆಯನ್ನು ಸೇರಿದರು.

ಆ ಶಾಲೆಯಲ್ಲಿ ಆಗ ದೊಡ್ಡ ಬದಲಾವಣೆಯೊಂದು ನಡೆದಿತ್ತು. ಯೂರೋಪಿನ ಪ್ರತಿಮೆಗಳ ಅಚ್ಚುಗಳನ್ನು ಎದುರಿಗಿಟ್ಟುಕೊಂಡು ನಕಲು ಮಾಡುವುದೇ ಕಲಾಭ್ಯಾಸವೆಂಬ ಪದ್ಧತಿಯನ್ನು ಪ್ರಿನ್ಸಿಪಾಲರಾದ ಹ್ಯಾವೆಲ್ ಸಾಹೇಬರು ಒಪ್ಪಲಿಲ್ಲ. ಭಾರತೀಯ ವಿದ್ಯಾರ್ಥಿಯು ಭಾರತದ ಶಿಲ್ಪವನ್ನೂ ಚಿತ್ರವನ್ನೂ ನೋಡಿ ಕಲಿಯಬೇಕೆಂಬುದು ಅವರ ಮತ. ಅವರ ಜೊತೆಗಿದ್ದ ಅವನೀಂದ್ರನಾಥ ಠಾಕೂರರು ನಂದಲಾಲರ ಕೈಬರಹವನ್ನು ಕಂಡು ಮೆಚ್ಚಿ ಶಿಷ್ಯನನ್ನಾಗಿ ಸ್ವೀಕರಿಸಿದರು. ವಂಗಭಂಗದ ವಿರುದ್ಧ ಸ್ವದೇಶೀ ಚಳವಳಿಯು ಬಂಗಾಳವನ್ನೆಲ್ಲ ಕಲಕಿದ ಕಾಲವದು. ಬಟ್ಟೆಯಲ್ಲಿ ಸ್ವದೇಶಿಯಾದವರಿಗೆ ಕಣ್ಣಿನಲ್ಲಿಯೂ ಸ್ವದೇಶಿಯಾಗಬೇಕೆಂಬ ಅರಿವು ಹುಟ್ಟುತ್ತಿತ್ತು.

1908ರಲ್ಲಿ ಪ್ರಾಚ್ಯಕಲಾ ಸಂಘದ ಪ್ರದರ್ಶನದಲ್ಲಿ ಶಿವ ಸತಿಯರ ಚಿತ್ರಕ್ಕಾಗಿ ನಂದಲಾಲರಿಗೆ 500 ರೂಪಾಯಿಗಳ ಬಹುಮಾನ ಬಂದಿತು. ಆ ಹಣವನ್ನು ಅವರು ದೇಶಸಂಚಾರಕ್ಕೆ ವೆಚ್ಚಮಾಡಿ ಪ್ರಾಚೀನ ಶಿಲ್ಪಕ್ಷೇತ್ರಗಳನ್ನು ಕಣ್ಣಾರೆ ಕಂಡು ಬಂದರು. ಮರುವರ್ಷದ ಚಳಿಗಾಲದಲ್ಲಿ, ಅಜಂತೆಯ ಗುಹೆಗಳ ಚಿತ್ರಗಳನ್ನು ಪ್ರತಿ ಮಾಡಲು ಬಂದಿದ್ದ ಲೇಡಿ ಹೆರಿಂಗ್‌ಹ್ಯಾಮರಿಗೆ ನೆರವಾದರು. ಕತ್ತಲುಗವಿದ ಗುಹೆಗಳಲ್ಲಿ ಹಳೆಯ ಗೋಡೆಗಳ ಗೆರೆಗಳನ್ನು ಒಂದೊಂದಾಗಿ ಅನುಸರಿಸಿದ ಆ ದಿನಗಳು ಅವರಿಗೆ ಎರಡನೆಯ ವಿದ್ಯಾಲಯವಾದುವು. ಈ ಕಾರ್ಯದಲ್ಲಿ ಪಾಲುಗೊಂಡವರಲ್ಲಿ ನಮ್ಮ ಮೈಸೂರಿನ ಕೆ. ವೆಂಕಟಪ್ಪನವರೂ ಒಬ್ಬರೆಂಬುದನ್ನು ಕನ್ನಡಿಗರು ಮರೆಯಲಾಗದು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಿಂದ ಕಲ್ಕತ್ತೆಗೆ ಹೋಗಿ ಅವನೀಂದ್ರರ ಶಿಷ್ಯರಾದ ಅವರೂ ನಂದಲಾಲರೂ ಸಹಪಾಠಿಗಳು. ಸೋದರಿ ನಿವೇದಿತೆಯೂ ಆನಂದ ಕುಮಾರಸ್ವಾಮಿಯವರೂ ಬರೆದು 1913ರಲ್ಲಿ ಪ್ರಕಟವಾದ ಪುರಾಣಕಥೆಗಳ ಗ್ರಂಥಕ್ಕೆ ಇಬ್ಬರೂ ಚಿತ್ರಗಳನ್ನು ಬರೆದರು.

1919ರಲ್ಲಿ ರವೀಂದ್ರನಾಥ ಠಾಕೂರರು ಶಾಂತಿನಿಕೇತನದಲ್ಲಿ ಕಲಾಭವನವನ್ನು ಆರಂಭಿಸಿದರು. ನಂದಲಾಲರು ಅಲ್ಲಿಗೆ ಬಂದು, 1922ರಲ್ಲಿ ಅದರ ಮುಖ್ಯಸ್ಥರಾಗಿ, 1951ರವರೆಗೂ ಅದನ್ನು ನಡೆಸಿದರು. ಅವರ ಜೀವನದ ಸಾರವೆಲ್ಲ ಈ ಮೂರು ದಶಕಗಳಲ್ಲಿ ಅಡಗಿದೆ.

ಅವರ ಬೋಧನಕ್ರಮವು ವಿಶೇಷವಾದದ್ದು. ಕೊಠಡಿಯ ಪಾಠಕ್ಕಿಂತ ಹೊರಗಿನ ಬಯಲಿನ ಪಾಠ ಅವರಿಗೆ ಮುಖ್ಯ. ಕೆಮ್ಮಣ್ಣಿನ ಕೊರಕಲುಗಳು, ತಾಳೆಯ ಮರಗಳು, ಸಂತಾಲರ ಹಳ್ಳಿಗಳು, ಋತುಋತುವಿಗೂ ಬಣ್ಣ ತಿರುಗುವ ಆಕಾಶ, ಇವೇ ಅವರ ಪಠ್ಯಪುಸ್ತಕಗಳು. ಮರವೊಂದನ್ನು ಬರೆಯುವಾಗ ಗೆರೆಯು ಬುಡದಿಂದ ಮೇಲಕ್ಕೆ ಹೋಗಬೇಕೆಂದು ಅವರು ತಿದ್ದುತ್ತಿದ್ದರು. ಮರವು ಬೆಳೆಯುವುದು ಹಾಗೆಯೇ ತಾನೆ? ಇದು ಅಲ್ಪವಾದ ಮಾತೆಂದು ತೋರಬಹುದು. ಆದರೆ ವಸ್ತುವಿನ ಹೊರರೂಪವನ್ನು ಹಿಡಿಯುವ ಮುನ್ನ ಅದು ಬದುಕುವ ಬಗೆಯನ್ನು ತಿಳಿಯಬೇಕೆಂಬ ಅವರ ಉಪದೇಶವೆಲ್ಲ ಆ ಒಂದು ತಿದ್ದುಗೆಯಲ್ಲಿದೆ. ತಾವೂ ಸದಾ ಸಣ್ಣ ಕಾಗದದ ತುಂಡುಗಳ ಮೇಲೆ, ಕಂಡುದನ್ನು ಕಂಡಲ್ಲಿಯೇ ಬರೆಯುತ್ತಿದ್ದರು. ಅಭ್ಯಾಸವು ಗುರುವಿಗೂ ತಪ್ಪದೆಂಬುದನ್ನು ಶಿಷ್ಯರು ಪ್ರತಿದಿನವೂ ನೋಡುತ್ತಿದ್ದರು.

ಕಲೆಯಲ್ಲಿ ಮೇಲುಕೀಳುಗಳನ್ನು ಅವರು ಒಪ್ಪಲಿಲ್ಲ. ಭಿತ್ತಿಚಿತ್ರದ ಪಕ್ಕದಲ್ಲಿಯೇ ಬಟ್ಟೆಗೆ ಬಣ್ಣ ಕಟ್ಟುವುದು, ತೊಗಲಿನ ಕೆಲಸ, ಪುಸ್ತಕದ ಅಲಂಕಾರ, ರವೀಂದ್ರರ ನಾಟಕಗಳಿಗೆ ರಂಗಸಜ್ಜಿಕೆ ಇವಕ್ಕೂ ಸ್ಥಾನವಿತ್ತು. ನಮ್ಮ ರಂಗವಲ್ಲಿಯಂತೆ ಬಂಗಾಳದ ಹೆಂಗಸರು ನೆಲದ ಮೇಲೆ ಬರೆಯುವ ಆಲ್ಪನವೂ ಅಲ್ಲಿ ಪಾಠದ ವಿಷಯವಾಯಿತು. ಮಣ್ಣಿನಿಂದ ಕಟ್ಟಿ ಡಾಂಬರು ಬಳಿದ ವಿದ್ಯಾರ್ಥಿಗಳ ವಸತಿಯೊಂದರ ಗೋಡೆಗಳಲ್ಲಿ ಗುರುಶಿಷ್ಯರು ಕೂಡಿ ಉಬ್ಬುಚಿತ್ರಗಳನ್ನು ಮೂಡಿಸಿದರು; ಕಪ್ಪು ಮನೆಯೆಂದು ಅದಕ್ಕೆ ಹೆಸರು. ಈ ದಿನ ವಿನ್ಯಾಸವೆಂಬ ಹೆಸರಿನಿಂದ ಬೇರೆ ವಿದ್ಯೆಯಾಗಿ ಕಲಿಸಲ್ಪಡುತ್ತಿರುವ ವಿಷಯಗಳು ಅಲ್ಲಿ ನಿತ್ಯಜೀವನದಲ್ಲಿಯೇ ಬೆರೆತಿದ್ದುವು.

ಸ್ವದೇಶಿಯೆಂದು ಅವರು ಕಿಟಕಿಗಳನ್ನು ಮುಚ್ಚಿದವರಲ್ಲ. 1924ರಲ್ಲಿ ರವೀಂದ್ರರೊಡನೆ ಚೀನ ಜಪಾನುಗಳಿಗೆ ಹೋಗಿ ಅಲ್ಲಿಯ ಮಸಿಕುಂಚದ ಬಲವನ್ನು ತಂದರು. ಬಂಗಾಳದ ಹೊಸ ಚಿತ್ರಗಳು ಮಂಜಿನಂತೆ ಮಸುಕಾಗಿ ಗತಕಾಲದ ಕನಸಿನಲ್ಲಿ ಮುಳುಗಿವೆಯೆಂಬ ಆಕ್ಷೇಪಣೆಯು ನಿರಾಧಾರವಾಗಿರಲಿಲ್ಲ. ನಂದಲಾಲರ ಮೊದಲ ಚಿತ್ರಗಳಿಗೂ ಅದು ಸಲ್ಲುತ್ತದೆ. ಅದನ್ನು ದಾಟಿ ಬಂದುದೇ ಅವರ ಹಿರಿಮೆ. 1930ರಲ್ಲಿ ಗಾಂಧೀಜಿಯವರು ಉಪ್ಪಿಗಾಗಿ ದಂಡಿಗೆ ನಡೆದಾಗ, ಕೋಲೂರಿ ಮುನ್ನಡೆವ ಆ ಮೂರ್ತಿಯನ್ನು ಅವರು ಲಿನೋಲಿಯಂ ಅಚ್ಚಿನಲ್ಲಿ ಕೊರೆದರು. ಕಪ್ಪು ನೆಲದ ಮೇಲೆ ಕೆಲವೇ ಬಿಳಿಯ ಗೆರೆಗಳು. ಅಚ್ಚಿನ ವಿಧಾನ ಪಶ್ಚಿಮದ್ದು. ಆದರೆ ದೇಶದ ಹೃದಯದಲ್ಲಿ ನಿಂತ ಚಿತ್ರ ಅದು.

ಅನಂತರ ಗಾಂಧೀಜಿಯವರು ಅವರನ್ನು ಕಾಂಗ್ರೆಸ್ ಮಹಾಸಭೆಗೆ ಕರೆದರು. 1936ರಲ್ಲಿ ಲಕ್ನೋದಲ್ಲಿ ಕಲಾಪ್ರದರ್ಶನವನ್ನು ಏರ್ಪಡಿಸಿದರು. ಅದೇ ವರ್ಷದ ಕೊನೆಯಲ್ಲಿ ಫೈಜಪುರವೆಂಬ ಹಳ್ಳಿಯಲ್ಲಿ ಅಧಿವೇಶನ ನಡೆದಾಗ, ತಾವು ಚಿತ್ರಕಾರರೇ ಹೊರತು ಕಟ್ಟಡ ಕಟ್ಟುವವರಲ್ಲವೆಂದು ಹಿಂಜರಿದರೂ, ಬಿದಿರು ಹುಲ್ಲುಗಳಿಂದಲೇ ನಗರವನ್ನು ಸಿಂಗರಿಸಿದರು. 1938ರ ಫೆಬ್ರವರಿಯಲ್ಲಿ ಸುಭಾಷಚಂದ್ರ ಬೋಸರ ಅಧ್ಯಕ್ಷತೆಯಲ್ಲಿ ಗುಜರಾತಿನ ಹರಿಪುರದಲ್ಲಿ ಸೇರಿದ ಸಭೆಗೆ ಅವರೂ ಅವರ ಸಂಗಡಿಗರೂ ಸುಮಾರು 400 ಚಿತ್ರಫಲಕಗಳನ್ನು ಸಿದ್ಧಪಡಿಸಿದರು. ಅವುಗಳಲ್ಲಿ 80ರಷ್ಟು ನಂದಲಾಲರ ಸ್ವಹಸ್ತದವು. ಡೋಲು ಬಾರಿಸುವವನು, ಹತ್ತಿ ಹಿಂಜುವವನು, ಬಡಗಿ, ನೂಲುವ ಹೆಂಗಸು, ಮಗುವನ್ನೆತ್ತಿದ ತಾಯಿ: ಇವರೇ ಆ ಚಿತ್ರಗಳ ನಾಯಕರು. ಕಾಗದಕ್ಕೆ ಬಳಿದ ಬಣ್ಣಗಳು ಹೆಚ್ಚಾಗಿ ಮಣ್ಣಿನವೇ. ಚಿತ್ರಶಾಲೆಯ ಬಾಗಿಲನ್ನು ಎಂದೂ ಕಾಣದ ರೈತನು ದಾರಿಯಲ್ಲಿ ನಡೆಯುತ್ತ ತನ್ನನ್ನು ತಾನು ಚಿತ್ರದಲ್ಲಿ ಕಂಡನು. ಸ್ವರಾಜ್ಯವೆಂದರೆ ಯಾರ ರಾಜ್ಯವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉತ್ತರವನ್ನು ಯಾವ ಭಾಷಣವೂ ಕೊಟ್ಟಿರಲಾರದು.

ಸ್ವತಂತ್ರ ಭಾರತದ ಸಂವಿಧಾನವನ್ನು ಪ್ರೇಮಬಿಹಾರಿ ನಾರಾಯಣ ರಾಯಜಾದರು ಸುಂದರಾಕ್ಷರಗಳಲ್ಲಿ ಬರೆದಾಗ, ಅದರ ಪುಟಗಳನ್ನು ಚಿತ್ರಗಳಿಂದ ಅಲಂಕರಿಸುವ ಭಾರವು ನಂದಲಾಲರಿಗೂ ಅವರ ಶಿಷ್ಯರಿಗೂ ಬಂದಿತು. ಸಿಂಧೂ ಕಣಿವೆಯ ಗೂಳಿಯಿಂದ ಮೊದಲಾಗಿ ಬುದ್ಧ, ಅಶೋಕ, ನಟರಾಜ, ಅಕ್ಬರ, ಶಿವಾಜಿ, ನಮ್ಮ ಶ್ರೀರಂಗಪಟ್ಟಣದ ಟಿಪ್ಪು ಸುಲ್ತಾನ, ದಂಡಿಯ ಗಾಂಧೀಜಿ ಎಲ್ಲರೂ ಅಲ್ಲಿದ್ದಾರೆ. ಪೀಠಿಕೆಯ ಪುಟವನ್ನು ಅವರು ಶಿಷ್ಯರಾದ ಬೇವಹಾರ್ ರಾಮಮನೋಹರ ಸಿಂಹರಿಗೆ ಬಿಟ್ಟುಕೊಟ್ಟರು.

ಗುರುವಿನ ಯೋಗ್ಯತೆಯನ್ನು ಶಿಷ್ಯರಿಂದ ಅಳೆಯುವುದಾದರೆ, ನಂದಲಾಲರ ಶಿಷ್ಯರಲ್ಲಿ ಒಬ್ಬರಂತೆ ಇನ್ನೊಬ್ಬರಿಲ್ಲ. ರಾಮಕಿಂಕರ ಬೈಜರು ಸಿಮೆಂಟು ಜಲ್ಲಿಗಳಿಂದ ಸಂತಾಲ ಸಂಸಾರವನ್ನು ಬಯಲಿನಲ್ಲಿ ನಿಲ್ಲಿಸಿದರು. ಹುಟ್ಟಿನಿಂದಲೇ ದೃಷ್ಟಿ ಮಂದವಾಗಿದ್ದ ವಿನೋದಬಿಹಾರಿ ಮುಖರ್ಜಿಯವರು ಭಿತ್ತಿಚಿತ್ರದಲ್ಲಿ ಅಗ್ರಗಣ್ಯರಾಗಿ, ಕಣ್ಣು ಪೂರ್ತಿ ಹೋದ ಮೇಲೆಯೂ ಕೆಲಸ ಬಿಡಲಿಲ್ಲ. 1940ರಲ್ಲಿ ಬಂದ ಸತ್ಯಜಿತ್ ರಾಯರು ಶಿಕ್ಷಣವನ್ನು ಮುಗಿಸದೆಯೇ ಹೊರಟು, ಜಾಹೀರಾತು, ಪುಸ್ತಕದ ಹೊದಿಕೆ, ಅಕ್ಷರವಿನ್ಯಾಸಗಳಲ್ಲಿ ಪಳಗಿ, ಕೊನೆಗೆ ಚಲಚ್ಚಿತ್ರದಲ್ಲಿ ಜಗತ್ಪ್ರಸಿದ್ಧರಾದರು. ಕಲಾಭವನದಲ್ಲಿ ಚಲಚ್ಚಿತ್ರದ ಪಾಠವಿರಲಿಲ್ಲ, ನೋಡುವುದನ್ನು ಕಲಿಸಿದ್ದರು. ಆ ಕಣ್ಣು ಕುಂಚದಿಂದ ಕ್ಯಾಮೆರಾಕ್ಕೆ ಹೋದರೂ ಮಂಕಾಗಲಿಲ್ಲ.

1954ರಲ್ಲಿ ಪದ್ಮವಿಭೂಷಣ ಪ್ರಶಸ್ತಿಯನ್ನು ಪಡೆದ ನಂದಲಾಲರು 1966ರ ಏಪ್ರಿಲ್ 16ರಂದು ಕಲ್ಕತ್ತೆಯಲ್ಲಿ ಕಾಲವಾದರು.

ಯಂತ್ರಗಳನ್ನು ನಾವು ಹಳಿಯುವುದಿಲ್ಲ. ನಂದಲಾಲರು ಬದುಕಿದ್ದರೆ ಅವುಗಳನ್ನೂ ಕೈಗೆತ್ತಿಕೊಂಡು ನೋಡುತ್ತಿದ್ದರೆಂದೇ ನಮ್ಮ ನಂಬಿಕೆ. ಆದರೆ ಉಪಕರಣವು ವರ್ಷಕ್ಕೊಮ್ಮೆ ಹಳೆಯದಾಗುತ್ತದೆ; ಅದನ್ನು ಮಾತ್ರ ಕಲಿತ ತರುಣನೂ ಅದರೊಡನೆಯೇ ಹಳಬನಾಗುತ್ತಾನೆ. ವಿದ್ಯಾ ಇಲಾಖೆಯವರೂ ಸಂಸ್ಥೆಗಳ ಚಾಲಕರೂ ತಮ್ಮ ಪಾಠಪಟ್ಟಿಯಲ್ಲಿ ವಾರಕ್ಕೊಂದು ದಿನವಾದರೂ ವಿದ್ಯಾರ್ಥಿಗಳನ್ನು ಕೆರೆಯ ಏರಿಗೆ, ಸಂತೆಗೆ, ಕುಂಬಾರರ ಕೇರಿಗೆ ಕಳುಹಿಸುವ ಏರ್ಪಾಡನ್ನು ಮಾಡಲೆಂದು ನಾವು ಸೂಚಿಸುತ್ತೇವೆ. ಇದಕ್ಕೆ ಬೊಕ್ಕಸದಿಂದ ಹೆಚ್ಚು ಹಣ ಬೇಕಾಗಿಲ್ಲ. ಒಂದು ತುಂಡು ಕಾಗದ, ಒಂದು ಸೀಸದಕಡ್ಡಿ, ಜೊತೆಯಲ್ಲಿ ಕುಳಿತು ತಾನೂ ಬರೆಯುವ ಒಬ್ಬ ಉಪಾಧ್ಯಾಯ: ಇಷ್ಟಿದ್ದರೆ ಸಾಕು.