ಶರಣೆ ಆಯ್ದಕ್ಕಿ ಲಕ್ಕಮ್ಮನವರು

ಕಲ್ಯಾಣದ ಶರಣಸಂಕುಲದಲ್ಲಿ ದಂಡನಾಯಕರಿದ್ದರು, ಯೋಗಿಗಳಿದ್ದರು, ಶಾಸ್ತ್ರಗಳನ್ನು ಮಥಿಸಿದವರಿದ್ದರು. ಅವರೆಲ್ಲರ ನಡುವೆ ಆಯ್ದಕ್ಕಿ ಲಕ್ಕಮ್ಮನವರ ಕೀರ್ತಿಯು ನಿಂತಿರುವುದು ಒಂದೆರಡು ಹಿಡಿ ಅಕ್ಕಿಯ ಮೇಲೆ. ಈಗಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲೂಕಿನ ಅಮರೇಶ್ವರವು ಈ ದಂಪತಿಗಳ ಮೂಲಸ್ಥಾನವು. 12ನೆಯ ಶತಮಾನದಲ್ಲಿ ಬಸವಣ್ಣನವರ ಮಹಿಮೆಯನ್ನು ಕೇಳಿ, ಪತಿ ಮಾರಯ್ಯನವರೊಡನೆ ಅವರು ಕಲ್ಯಾಣಕ್ಕೆ ಬಂದು ನೆಲೆಸಿದರು. ಊರನ್ನು ಬಿಟ್ಟರೂ ಊರ ದೇವರನ್ನು ಬಿಡಲಿಲ್ಲ. ಇಬ್ಬರ ವಚನಗಳ ಅಂಕಿತದಲ್ಲಿಯೂ ಅಮರೇಶ್ವರಲಿಂಗವೇ ಇರುವುದು.

ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಿಂದಲೇ ಜಂಗಮದಾಸೋಹವನ್ನು ಮಾಡುವುದು ಅವರ ಕಾಯಕವು. ಆಯುವವರು ಮಾರಯ್ಯನವರು, ಆಯ್ದು ತಂದುದನ್ನು ಕಣ್ಣಿಟ್ಟು ನೋಡುವವರು ಲಕ್ಕಮ್ಮನವರು. ಒಮ್ಮೆ ಮಾರಯ್ಯನವರು ಅಲ್ಲಮಪ್ರಭುಗಳೊಡನೆ ಅನುಭಾವಗೋಷ್ಠಿಯಲ್ಲಿ ಮೈಮರೆತು ಕುಳಿತಿರಲು, ಕಾಯಕದ ಹೊತ್ತು ಮೀರುತ್ತಿರುವುದನ್ನು ಕಂಡು ಎಚ್ಚರಿಸಿದವರು ಈ ತಾಯಿಯೇ. ಪ್ರಭುದೇವರ ಸನ್ನಿಧಿಯೆಂದು ಸಂಕೋಚಪಡಲಿಲ್ಲ. ಹೊತ್ತು ಹೊತ್ತೇ ಸರಿ!

ಮತ್ತೊಂದು ದಿನ ಮಾರಯ್ಯನವರು ಎಂದಿಗಿಂತಲೂ ಹೆಚ್ಚು ಅಕ್ಕಿಯನ್ನು ತಂದರು. ಬಸವಣ್ಣನವರು ಪರೀಕ್ಷಾರ್ಥವಾಗಿ ಹೆಚ್ಚಾಗಿ ಚೆಲ್ಲಿಸಿದ್ದರೆಂದೂ ಹೇಳುವುದುಂಟು. ಹೆಚ್ಚಾದುದು ಎಷ್ಟು ಮಹಾ? ಬೇರೆ ಮನೆಯಲ್ಲಾಗಿದ್ದರೆ ಗೃಹಿಣಿಯು ಸಂತೋಷದಿಂದ ಗಡಿಗೆಗೆ ಸುರಿದು ಮುಚ್ಚುತ್ತಿದ್ದಳು. ಲಕ್ಕಮ್ಮನವರಿಗೆ ನೋಡಿದೊಡನೆ ವ್ಯತ್ಯಾಸವು ತಿಳಿಯಿತು. ಅದು ಕಳವಿನ ಅಕ್ಕಿಯಲ್ಲ, ಬೇಡಿ ತಂದುದೂ ಅಲ್ಲ, ನೆಲದ ಮೇಲೆ ಬಿದ್ದುದೇ ನಿಜ. ಆದರೆ ಇಂದಿನ ದಾಸೋಹಕ್ಕೆ ಬೇಕಾದುದಕ್ಕಿಂತ ಮಿಕ್ಕಿದುದು ನಾಳೆಗೆ ಉಳಿಯುವುದು. ನಾಳೆಗೆ ಉಳಿದ ಅಕ್ಕಿಯೊಡನೆ ಆಸೆಯೂ ಮನೆಯೊಳಗೆ ಉಳಿಯುವುದು. ಆದುದರಿಂದ ಅವರು ಪತಿಯನ್ನು ನಿಷ್ಠುರವಾಗಿ ಪ್ರಶ್ನಿಸಿ, ಇಂತಹ ಆಸೆಯು ಭಕ್ತರಿಗೆ ಸಲ್ಲದೆಂದು ತಿಳುಹಿ, ಹೆಚ್ಚಿನ ಅಕ್ಕಿಯನ್ನು ಮೊದಲಿದ್ದ ಅಂಗಳದಲ್ಲಿಯೇ ಸುರಿದು ಬರುವಂತೆ ಹೇಳಿದರು. ಮಾರಯ್ಯನವರು ಮರುಮಾತಾಡದೆ ಹಿಂದಿರುಗಿದರು. ಹೆಂಡತಿಯ ಮಾತಿಗೆ ಹೀಗೆ ತಲೆಬಾಗಿದ ಗಂಡನ ಹಿರಿಮೆಯೂ ಸಾಮಾನ್ಯವಲ್ಲ.

ಅನಂತರ ಬಸವಾದಿ ಪ್ರಮಥರನ್ನೂ ಲಕ್ಷದ ಮೇಲೆ ತೊಂಬತ್ತಾರು ಸಾವಿರ ಜಂಗಮರನ್ನೂ ತಮ್ಮ ಗುಡಿಸಲಿಗೆ ಬಿನ್ನೈಸಿ, ಅಲ್ಪವಾದ ಅಕ್ಕಿಯಿಂದಲೇ ಎಲ್ಲರನ್ನೂ ತೃಪ್ತಿಪಡಿಸಿದರೆಂಬ ಕಥೆಯು ಪ್ರಸಿದ್ಧವಾಗಿದೆ. ಭಕ್ತಜನರು ಈ ಪವಾಡವನ್ನೇ ಹೆಚ್ಚಾಗಿ ಕೊಂಡಾಡುವರು. ಆದರೆ ಆ ದಿನದ ಅಡಿಗೆಗಿಂತಲೂ, ಅಂಗಳಕ್ಕೆ ಮರಳಿದ ಆ ಹಿಡಿ ಅಕ್ಕಿಯೇ ಹಿರಿದೆಂದು ತೋರುವುದು.

15ನೆಯ ಶತಮಾನದಲ್ಲಿ ಸಂಕಲಿತವಾದ ಶೂನ್ಯಸಂಪಾದನೆಯಲ್ಲಿ ಈ ದಂಪತಿಗಳ ವೃತ್ತಾಂತಕ್ಕೆ ಪ್ರತ್ಯೇಕವಾದ ಸ್ಥಾನವಿದೆ. ಲಕ್ಕಮ್ಮನವರ ವಚನಗಳು ಇಪ್ಪತ್ತೈದರಷ್ಟು ಮಾತ್ರ ದೊರೆತಿವೆ. ಅವುಗಳ ಅಂಕಿತದಲ್ಲಿ, ತಾವು ತಿದ್ದಿದ ಪತಿಯ ಹೆಸರನ್ನೇ ಅವರು ಅಮರೇಶ್ವರಲಿಂಗದ ಹೆಸರಿಗಿಂತ ಮುಂದೆ ಇರಿಸಿದ್ದಾರೆ.